ಪ್ರಚಾರಕರಿಲ್ಲದ ದಾರಿ: ಬ್ರಿಟನ್ನಿನ ಜನ ವಿಕ್ಕಾ ಮತ್ತು ಪೇಗನ್ ನಂಬಿಕೆಗಳಿಗೆ ಬರುವುದು ಹೇಗೆ?

ಸುದ್ದಿ ಏನು, ಗೊಂದಲ ಎಲ್ಲಿ

ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸಂಗ್ರಹವಾದ ಧರ್ಮದ ಅಂಕಿಅಂಶಗಳು 2022ರ ನವೆಂಬರ್ ಕೊನೆಯಲ್ಲಿ ಪ್ರಕಟವಾದಾಗ, ಪತ್ರಿಕೆಗಳ ಮುಖಪುಟವನ್ನು ಆವರಿಸಿದ್ದು ಕ್ರೈಸ್ತರ ಸಂಖ್ಯೆಯಲ್ಲಿನ ಕುಸಿತ. ತಾವು ಕ್ರೈಸ್ತರೆಂದು ಹೇಳಿಕೊಂಡವರು 2011ರಲ್ಲಿ ಶೇ 59.3ರಷ್ಟಿದ್ದರೆ, ಹತ್ತು ವರ್ಷಗಳಲ್ಲಿ ಶೇ 46.2ಕ್ಕೆ ಇಳಿದಿದ್ದರು, ಯಾವ ಧರ್ಮವೂ ಇಲ್ಲ ಎಂದವರು ಶೇ 25.2ರಿಂದ ಶೇ 37.2ಕ್ಕೆ ಏರಿದ್ದರು. ಅದೇ ಪಟ್ಟಿಯ ಕೆಳಭಾಗದಲ್ಲಿ, 'ಇತರ ಧರ್ಮ' ಎಂಬ ಖಾಲಿ ಜಾಗದಲ್ಲಿ ಜನರು ತಾವಾಗಿಯೇ ಬರೆದ ಉತ್ತರಗಳ ಲೆಕ್ಕವೂ ಇತ್ತು. 'ಪೇಗನ್' (ಪ್ರಕೃತಿಯನ್ನೋ ಕ್ರೈಸ್ತಪೂರ್ವ ದೇವತೆಗಳನ್ನೋ ಆರಾಧಿಸುವವರು) ಎಂದು ಬರೆದವರು ಸುಮಾರು 74,000. 2011ರಲ್ಲಿ ಅವರು ಸುಮಾರು 57,000 ಇದ್ದರು. 'ವಿಕ್ಕಾ' (ಪೇಗನ್ ನಂಬಿಕೆಗಳಲ್ಲಿ ಒಂದು; ಇದರ ಅನುಯಾಯಿಗಳಲ್ಲಿ ಅನೇಕರು ತಮ್ಮನ್ನು ಮಾಟಗಾತಿಯರೆಂದೇ ಕರೆದುಕೊಳ್ಳುತ್ತಾರೆ) ಎಂದು ನಿರ್ದಿಷ್ಟವಾಗಿ ಬರೆದವರು ಸುಮಾರು 13,000. 'ಶಾಮನಿಸಂ' (ಆತ್ಮಗಳ ಲೋಕದೊಂದಿಗೆ ಸಂಪರ್ಕ ಸಾಧಿಸುವ ಆಚರಣೆ) ಎಂದವರು 650ರಿಂದ 8,000ಕ್ಕೆ ಏರಿದ್ದರು. ಇದೇ ಗಣತಿಯಲ್ಲಿ ಜೈನರೆಂದು ಬರೆದವರು ಸುಮಾರು 25,000 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಸಂಖ್ಯೆಗಳ ಗಾತ್ರ ಅಂದಾಜಿಗೆ ಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಒಂದು ವರ್ಷ ತಡವಾಗಿ ನಡೆದ ಗಣತಿಯೂ ಸುಮಾರು 19,000 ಪೇಗನ್ನರನ್ನು ದಾಖಲಿಸಿತು.

ಬ್ರಿಟನ್ನಿನಲ್ಲಿ ಮಾಟಗಾತಿಯರು ಹೆಚ್ಚುತ್ತಿದ್ದಾರೆ ಎಂಬ ಧಾಟಿಯಲ್ಲಿ ಈ ಅಂಕಿಗಳು ನಮ್ಮಲ್ಲಿಗೆ ತಲುಪಿದಾಗ ಓದುಗರು ಗೊಂದಲಕ್ಕೆ ಬೀಳುವುದು ಸಹಜ. ಧರ್ಮ ಬದಲಾವಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರದಲ್ಲಿ ಮತಾಂತರ ಮಾಡಿಸುವವನೊಬ್ಬ ಇರುತ್ತಾನೆ, ಮತಾಂತರ ಆಗುವವನೊಬ್ಬ ಇರುತ್ತಾನೆ, ನಡುವೆ ಒತ್ತಾಯವೋ ಆಮಿಷವೋ ಮನವೊಲಿಕೆಯೋ ಇರುತ್ತದೆ. ಕರ್ನಾಟಕದಲ್ಲಿ 2022ರ ಮತಾಂತರ ಕಾಯ್ದೆಯ ಸುತ್ತ ನಡೆದ ಇಡೀ ವಾದ ಈ ಚೌಕಟ್ಟಿನೊಳಗೇ ಇತ್ತು. ವಿಕ್ಕಾಗೆ ಈ ಚೌಕಟ್ಟು ಹೊಂದುವುದಿಲ್ಲ. ಅಲ್ಲಿ ಕರೆಯುವವರಿಲ್ಲ, ಬಹುಪಾಲು ಸಂದರ್ಭಗಳಲ್ಲಿ ಸೇರಿಸಿಕೊಳ್ಳುವವರೂ ಇಲ್ಲ. ಹಾಗಿದ್ದ ಮೇಲೆ ಜನ ಬರುವುದಾದರೂ ಹೇಗೆ ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಈ ಅಂಕಿಗಳನ್ನು ನೋಡಿ ಗಾಬರಿಪಡುವುದಕ್ಕೂ ಅರ್ಥವಿಲ್ಲ, ಸಂಭ್ರಮಿಸುವುದಕ್ಕೂ ಅರ್ಥವಿಲ್ಲ.

ಹಳೆಯ ಹೆಸರು, ಹೊಸ ಧರ್ಮ

ವಿಕ್ಕಾ ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ ಧರ್ಮ. ಅದನ್ನು ಲೋಕದ ಮುಂದಿಟ್ಟವರು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಲಿವರ್‌ಪೂಲ್ ಸಮೀಪದಲ್ಲಿ ಹುಟ್ಟಿದ ಅವರು ಸಿಲೋನಿನ ಚಹಾ ತೋಟಗಳಲ್ಲಿಯೂ ಬೋರ್ನಿಯೋ, ಮಲಯಾಗಳಲ್ಲಿಯೂ ದಶಕಗಳ ಕಾಲ ದುಡಿದು, 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದಲ್ಲಿ, ಪ್ರಾಚೀನ ಕಾಲದಿಂದ ಗುಟ್ಟಾಗಿ ಉಳಿದುಬಂದಿದ್ದ ಒಂದು ಗುಂಪು ತಮಗೆ ದೀಕ್ಷೆ ಕೊಟ್ಟಿತು ಎಂಬುದು ಅವರ ಹೇಳಿಕೆ. 1735ರ ಮಾಟವಿರೋಧಿ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವರು ಈ ಮತದ ಬಗ್ಗೆ ಬಹಿರಂಗವಾಗಿ ಪುಸ್ತಕ ಬರೆದರು. 1953ರಲ್ಲಿ ಅವರಿಂದ ದೀಕ್ಷೆ ಪಡೆದ ಡೊರೀನ್ ವ್ಯಾಲಿಯಂಟೆ ಪೂಜಾವಿಧಿಗಳ ಭಾಷೆಯನ್ನು ತಿದ್ದಿ, ಹಲವು ಭಾಗಗಳನ್ನು ಹೊಸದಾಗಿಯೇ ರಚಿಸಿದರು. ಇಂದು ವಿಕ್ಕನ್ನರು ಭಕ್ತಿಯಿಂದ ಉಚ್ಚರಿಸುವ ದೇವಿಯ ನುಡಿಗಳಲ್ಲಿ ಬಹಳಷ್ಟು ಅವರ ಲೇಖನಿಯಿಂದ ಬಂದವು.

ಆಚರಣೆಯ ಚೌಕಟ್ಟು ಸರಳವಾದದ್ದು. ದೇವಿಯೂ ಕೊಂಬುಳ್ಳ ದೇವನೂ ಆರಾಧ್ಯರು. ಎರಡು ಅಯನಗಳು, ಎರಡು ವಿಷುವಗಳು, ಅವುಗಳ ನಡುವೆ ಬರುವ ನಾಲ್ಕು ಋತುಹಬ್ಬಗಳು ಸೇರಿ ವರ್ಷದ ಚಕ್ರವಾಗುತ್ತದೆ. ಹುಣ್ಣಿಮೆಗಳಂದು ಸೇರಿ ಆಚರಿಸುವ ರೂಢಿಯಿದೆ. ಯಾರಿಗೂ ಕೇಡಾಗದಂತೆ ನಿನ್ನ ಇಚ್ಛೆಯಂತೆ ನಡೆ ಎಂಬುದು ಮುಖ್ಯ ನೀತಿ. ಸೈತಾನ ಕ್ರೈಸ್ತ ದೇವತಾಶಾಸ್ತ್ರಕ್ಕೆ ಸೇರಿದವನು, ವಿಕ್ಕಾದಲ್ಲಿ ಅವನಿಗೆ ಸ್ಥಾನವೇ ಇಲ್ಲ. ಪೇಗನಿಸಂ ಎಂಬುದು ಇದಕ್ಕಿಂತ ದೊಡ್ಡ ಛತ್ರಿ. ಬ್ರಿಟನ್ನಿನ ಪ್ರಾಚೀನ ಪುರೋಹಿತರ ಹೆಸರನ್ನು ಇಟ್ಟುಕೊಂಡ ಡ್ರೂಯಿಡರು, ಉತ್ತರ ಯುರೋಪಿನ ಹಳೆಯ ದೇವತೆಗಳನ್ನು ಆರಾಧಿಸುವ ಹೀದನ್ನರು, ಯಾವ ಪಂಗಡದ ಹೆಸರನ್ನೂ ಇಟ್ಟುಕೊಳ್ಳದ ಪ್ರಕೃತಿ ಆರಾಧಕರು ಎಲ್ಲರೂ ಅದರ ಕೆಳಗೆ ಬರುತ್ತಾರೆ.

ಬಾಗಿಲು ಕಿರಿದಾಗಿತ್ತು, ಆಮೇಲೆ ಪುಸ್ತಕ ಬಂತು

ಗಾರ್ಡ್ನರ್ ಪರಂಪರೆಯ ವಿಕ್ಕಾಗೆ ಒಬ್ಬರು ತಾವಾಗಿ ಸೇರಿಕೊಳ್ಳುವಂತಿರಲಿಲ್ಲ. 'ಕವೆನ್' ಎಂಬ ಸಣ್ಣ ಗುಂಪಿನಲ್ಲಿ ಈಗಾಗಲೇ ದೀಕ್ಷೆ ಪಡೆದವರು ಮಾತ್ರ ಹೊಸಬರಿಗೆ ದೀಕ್ಷೆ ಕೊಡಬಹುದಿತ್ತು. ದೀಕ್ಷೆಗೆ ಮೂರು ಹಂತಗಳಿದ್ದವು. ಆಸಕ್ತರು ತಾವಾಗಿಯೇ ಬಂದು ಕೇಳಬೇಕಿತ್ತು; ಅನೇಕ ಗುಂಪುಗಳು ಒಂದು ವರ್ಷ ಒಂದು ದಿನ ಕಾಯಿಸಿ, ಕಲಿಸಿ, ನಂತರವೇ ಒಳಗೆ ಬಿಡುತ್ತಿದ್ದವು. ಗುರುಪರಂಪರೆಯಂತೆ ಯಾರಿಂದ ಯಾರಿಗೆ ದೀಕ್ಷೆ ಬಂತೆಂಬ ಲೆಕ್ಕವನ್ನು ಗಾರ್ಡ್ನರ್‌ವರೆಗೆ ಹಿಂದಕ್ಕೆ ಒಯ್ಯುವುದು ಈಗಲೂ ಈ ಶಾಖೆಗೆ ಮುಖ್ಯ. ಪ್ರಚಾರ ಮಾಡಬಾರದು ಎಂಬ ನಿಲುವೂ ಇಲ್ಲಿಂದಲೇ ಹುಟ್ಟಿತು. ಗುಟ್ಟಾಗಿ ಹಂಚಿಕೊಳ್ಳಬೇಕಾದದ್ದನ್ನು ಬೀದಿಯಲ್ಲಿ ಸಾರಲಾಗದು.

ಇಂಥ ವ್ಯವಸ್ಥೆ ಹರಡುವುದು ನಿಧಾನ. 1960ರ ದಶಕದ ಆರಂಭದಲ್ಲಿ ರೇಮಂಡ್ ಬಕ್ಲ್ಯಾಂಡ್ ಈ ಪರಂಪರೆಯನ್ನು ಅಮೆರಿಕಕ್ಕೆ ಒಯ್ದ ಮೇಲೆ, ವಿಶಾಲವಾದ ಆ ದೇಶದಲ್ಲಿ ಕವೆನ್‌ಗಳಿಗಿಂತ ಆಸಕ್ತರೇ ಹೆಚ್ಚಾದರು. ಸಮೀಪದಲ್ಲಿ ಗುಂಪಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಮುದ್ರಿತ ಕೈಪಿಡಿಗಳು. 1988ರಲ್ಲಿ ಸ್ಕಾಟ್ ಕನ್ನಿಂಗ್‌ಹ್ಯಾಮ್ ಒಂಟಿ ಸಾಧಕರಿಗಾಗಿಯೇ ಬರೆದ ಕೈಪಿಡಿ ಇದರಲ್ಲಿ ನಿರ್ಣಾಯಕವಾಯಿತು: ದೀಕ್ಷೆಯನ್ನು ಗುರುವಿನಿಂದ ಪಡೆಯಬೇಕಾಗಿಲ್ಲ, ದೇವಿಯ ಮುಂದೆ ನಿಂತು ಸಾಧಕರು ತಾವೇ ತಮ್ಮನ್ನು ಸಮರ್ಪಿಸಿಕೊಳ್ಳಬಹುದು ಎಂಬ ನಿಲುವನ್ನು ಅದು ಜನಪ್ರಿಯಗೊಳಿಸಿತು. ಇದರ ಪರಿಣಾಮ ಆಳವಾದದ್ದು. ಬಾಗಿಲು ಕಾಯುವವರು ಬದಿಗೆ ಸರಿದರು. ಅದರ ಜೊತೆಗೇ ಕಲಿಸುವವರೂ ಸರಿದರು. ಇಂಟರ್ನೆಟ್, ಅದರ ನಂತರ ಇನ್‌ಸ್ಟಾಗ್ರಾಂ, ಟಿಕ್‌ಟಾಕ್‌ಗಳ ಕಿರು ವಿಡಿಯೋಗಳು ಈ ಬದಲಾವಣೆಯನ್ನು ವೇಗಗೊಳಿಸಿದವು, ಆದರೆ ಅದನ್ನು ಆರಂಭಿಸಿದ್ದು ಅವುಗಳಲ್ಲ. ಇಂದಿನ ಯುವಜನರ ಆಸಕ್ತಿಯನ್ನೆಲ್ಲ ಮೊಬೈಲಿನ ತಲೆಗೆ ಕಟ್ಟುವವರು ಈ ಹಿಂದಿನ ಮೂವತ್ತು ವರ್ಷಗಳನ್ನು ಮರೆಯುತ್ತಾರೆ.

'ಮನೆಗೆ ಮರಳಿದಂತಾಯಿತು'

ಈ ದಾರಿಗೆ ಬಂದವರನ್ನು ಕೇಳಿದರೆ ಅವರಲ್ಲಿ ಅನೇಕರು ಮತಾಂತರ ಎಂಬ ಮಾತನ್ನೇ ಒಪ್ಪುವುದಿಲ್ಲ. ಅಮೆರಿಕದ ರೇಡಿಯೋ ಪತ್ರಕರ್ತೆ ಮಾರ್ಗೋ ಆಡ್ಲರ್ ಸ್ವತಃ ವಿಕ್ಕಾ ಪುರೋಹಿತೆಯಾಗಿದ್ದವರು. 1979ರಲ್ಲಿ ಆ ದೇಶದ ಪೇಗನ್ನರ ಬಗ್ಗೆ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಮತ್ತೆ ಮತ್ತೆ ಕಾಣುವ ಭಾವ, ಮನೆಗೆ ಮರಳಿದಂತಾಯಿತು ಎಂಬುದು. ಚಿಕ್ಕಂದಿನಿಂದಲೂ ಮರಗಳಲ್ಲಿ, ಚಂದ್ರನಲ್ಲಿ, ಪುರಾಣಕಥೆಗಳಲ್ಲಿ ಏನೋ ಪವಿತ್ರವಾದದ್ದು ಇದೆ ಎಂದು ಅನಿಸುತ್ತಿತ್ತು, ಅದಕ್ಕೊಂದು ಹೆಸರಿದೆ ಎಂದು ಪುಸ್ತಕವೊಂದನ್ನು ಓದಿದಾಗ ಗೊತ್ತಾಯಿತು ಎಂಬುದು ಈ ಕಥನದ ಸಾಮಾನ್ಯ ರೂಪ.

ಈ ವಿವರಣೆಯನ್ನು ಇದ್ದಕ್ಕಿದ್ದಂತೆ ಒಪ್ಪಲು ಧರ್ಮಸಮಾಜಶಾಸ್ತ್ರಜ್ಞರು ಹಿಂಜರಿಯುತ್ತಾರೆ. ಅವರ ಆಕ್ಷೇಪಕ್ಕೆ ಕಾರಣವಿದೆ. ಯಾವುದೇ ಧರ್ಮಕ್ಕೆ ಹೊಸದಾಗಿ ಸೇರಿದವರು ತಮ್ಮ ಹಿಂದಿನ ಬದುಕನ್ನು ಇಂದಿನ ನಂಬಿಕೆಯ ಬೆಳಕಿನಲ್ಲಿ ಮತ್ತೆ ಜೋಡಿಸಿ ಹೇಳುತ್ತಾರೆ. ತಾನು ಪಾಪಿಯಾಗಿದ್ದೆ, ರಕ್ಷಣೆ ಸಿಕ್ಕಿತು ಎಂದು ಹೇಳಬೇಕಾದ ಸಮುದಾಯದಲ್ಲಿ ಸದಸ್ಯರು ಹಾಗೆ ಹೇಳಲು ಕಲಿಯುತ್ತಾರೆ. ತಾನು ಮೊದಲಿನಿಂದಲೂ ಹೀಗೇ ಇದ್ದೆ ಎಂದು ಹೇಳುವ ಸಮುದಾಯದಲ್ಲಿ ಹಾಗೆ. ಮರ ಹತ್ತಿ ಕುಳಿತು ಚಂದ್ರನನ್ನು ನೋಡಿ ಬೆರಗಾಗದ ಮಕ್ಕಳು ಕಡಿಮೆ. ಅವರಲ್ಲಿ ಬೆರಳೆಣಿಕೆಯವರು ಮಾತ್ರ ಪೇಗನ್ನರಾಗುತ್ತಾರೆ. ಆದ್ದರಿಂದ ಬಾಲ್ಯದ ಆ ಬೆರಗು ಕಾರಣವಾಗಲಾರದು. ಕಾರಣ ಬೇರೆಡೆ ಇರಬೇಕು.

ಇಲ್ಲಿ ಹೆಚ್ಚು ನೆರವಾಗುವುದು ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಅವರ ಸಂಶೋಧನೆ. 1980ರ ದಶಕದಲ್ಲಿ ಅವರು ಲಂಡನ್ನಿನ ವಿಕ್ಕಾ ಮತ್ತು ಮಾಂತ್ರಿಕ ಗುಂಪುಗಳೊಂದಿಗೆ ಇದ್ದು, ಆಚರಣೆಗಳಲ್ಲಿ ಪಾಲ್ಗೊಂಡು ಅಧ್ಯಯನ ನಡೆಸಿದರು. ಓದುಬರಹ ಬಲ್ಲ, ವಿಜ್ಞಾನ ತಿಳಿದ, ಸಾಮಾನ್ಯ ನೌಕರಿಗಳಲ್ಲಿದ್ದ ಮಧ್ಯಮವರ್ಗದ ಜನ ಮಂತ್ರವಿಧಿಗಳು ಫಲಿಸುತ್ತವೆ ಎಂದು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ಅವರಿಗೆ ಸಿಕ್ಕ ಉತ್ತರದಲ್ಲಿ ಸಾಕ್ಷಾತ್ಕಾರದ ಒಂದು ಕ್ಷಣವೆಂಬುದು ಇಲ್ಲ. ಜನ ಘಟನೆಗಳನ್ನು ಅರ್ಥೈಸಿಕೊಳ್ಳುವ ಬಗೆ ನಿಧಾನವಾಗಿ, ಅವರಿಗೇ ಅರಿವಾಗದಂತೆ ಬದಲಾಗುತ್ತಾ ಹೋಗುತ್ತದೆ.

ಈ ಬದಲಾವಣೆಯನ್ನು ಬಿಡಿಸಿ ನೋಡಬೇಕು. ಕುತೂಹಲಕ್ಕೆಂದು ಒಬ್ಬಾಕೆ ಭವಿಷ್ಯ ನೋಡಲು ಬಳಸುವ ಟ್ಯಾರೋ ಎಂಬ ಚಿತ್ರಗಳ ಕಾರ್ಡುಗಳನ್ನು ಕಲಿಯಲು ತೊಡಗುತ್ತಾಳೆ ಎಂದುಕೊಳ್ಳೋಣ. ಆಗ ಅವಳಿಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಕಾರ್ಡು ಓದಬೇಕಾದರೆ ಅದರ ಚಿಹ್ನೆಗಳನ್ನು ತಿಳಿಯಬೇಕು, ಚಿಹ್ನೆಗಳು ತಿಳಿದಂತೆ ದಿನದ ಘಟನೆಗಳಲ್ಲಿ ಅವುಗಳಿಗೆ ಹೊಂದುವುದನ್ನು ಅವಳ ಕಣ್ಣು ಹುಡುಕತೊಡಗುತ್ತದೆ. ಮೊದಲು ಕಾಕತಾಳೀಯವಾಗಿ ಕಂಡದ್ದು ಈಗ ಗಮನಿಸಬೇಕಾದ ಸಂಗತಿಯಾಗುತ್ತದೆ. ಇದರ ಜೊತೆಗೆ ಅವಳು ಧ್ಯಾನವನ್ನೂ ಮನಸ್ಸಿನಲ್ಲಿ ಚಿತ್ರಗಳನ್ನು ಕಾಣುವ ಅಭ್ಯಾಸವನ್ನೂ ಮಾಡುತ್ತಿರುತ್ತಾಳೆ. ಅಭ್ಯಾಸದಿಂದ ಆ ಚಿತ್ರಗಳು ಸ್ಪಷ್ಟವಾಗುತ್ತವೆ, ಅನುಭವ ತೀವ್ರವಾಗುತ್ತದೆ. ಆ ಅನುಭವವನ್ನು ಹೇಳಿಕೊಳ್ಳಲು ಬೇಕಾದ ಮಾತುಗಳು ಗುಂಪಿನಿಂದಲೋ ಓದಿನಿಂದಲೋ ಸಿಗುತ್ತವೆ. ಯಾರಾದರೂ ಪ್ರಶ್ನಿಸಿದಾಗ ತನ್ನ ಆಚರಣೆಯನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಆ ಸಮರ್ಥನೆಯ ನಡುವೆಯೇ ನಂಬಿಕೆ ಗಟ್ಟಿಯಾಗುತ್ತದೆ. ಅಂದರೆ ಮೊದಲು ನಂಬಿ ಆಮೇಲೆ ಆಚರಿಸುವುದಿಲ್ಲ. ಆಚರಣೆ ಮುಂದೆ ನಡೆಯುತ್ತದೆ, ನಂಬಿಕೆ ಅದರ ಹಿಂದೆ ಬರುತ್ತದೆ.

ನನ್ನ ದೃಷ್ಟಿಯಲ್ಲಿ ಮನೆಗೆ ಮರಳಿದ ಭಾವವೂ ಈ ವಿವರಣೆಯೂ ಒಂದನ್ನೊಂದು ಅಳಿಸುವುದಿಲ್ಲ. ಮೊದಲನೆಯದು ಬಂದವರು ತಮ್ಮ ಪಯಣಕ್ಕೆ ಕೊಡುವ ಅರ್ಥ, ಎರಡನೆಯದು ಆ ಪಯಣ ಸಾಗಿದ ಬಗೆ. ಎರಡನೆಯದನ್ನು ತೋರಿಸಿ ಮೊದಲನೆಯದನ್ನು ಸುಳ್ಳೆನ್ನುವುದು ಆ ಜನರಿಗೆ ಮಾಡುವ ಅನ್ಯಾಯ.

ಅಡಿಪಾಯ ಅಲುಗಿದರೂ ಮನೆ ಬೀಳಲಿಲ್ಲ

ಈ ಧರ್ಮದ ಚರಿತ್ರೆಯ ಬಗ್ಗೆ ನಡೆದ ವಾದವೂ ಇದನ್ನೇ ಬೇರೊಂದು ಬದಿಯಿಂದ ತೋರಿಸುತ್ತದೆ. ಮಧ್ಯಯುಗದ ಮಾಟಗಾತಿಯರು ಕ್ರೈಸ್ತಪೂರ್ವ ಧರ್ಮವೊಂದರ ಅನುಯಾಯಿಗಳಾಗಿದ್ದರು ಎಂದು 1921ರಲ್ಲಿ ವಾದಿಸಿದವರು ಈಜಿಪ್ಟ್ ಪುರಾತತ್ವದ ವಿದ್ವಾಂಸೆ ಮಾರ್ಗರೆಟ್ ಮರ್ರೆ. ಗಾರ್ಡ್ನರ್ ಅವರ 1954ರ ಪುಸ್ತಕಕ್ಕೆ ಮುನ್ನುಡಿ ಬರೆದದ್ದೂ ಅವರೇ. ಆ ವಾದ ನಂತರದ ಇತಿಹಾಸಕಾರರ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಯುರೋಪಿನಲ್ಲಿ ತೊಂಬತ್ತು ಲಕ್ಷ ಮಾಟಗಾತಿಯರನ್ನು ಕೊಲ್ಲಲಾಯಿತು ಎಂಬ ಮಾತನ್ನು ಕೂಡ ಸಂಶೋಧಕರು ತಳ್ಳಿಹಾಕಿದ್ದಾರೆ. ಈಗ ಸಾಮಾನ್ಯವಾಗಿ ಒಪ್ಪುವ ಅಂದಾಜು 40,000ದಿಂದ 60,000. ಸತ್ತವರಲ್ಲಿ ಬಹುಮಂದಿ ತಮ್ಮನ್ನು ಕ್ರೈಸ್ತರೆಂದೇ ಭಾವಿಸಿದ್ದವರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟ್ಟನ್ ವಿಕ್ಕಾದ ಆಧುನಿಕ ಮೂಲಗಳನ್ನು 1999ರಲ್ಲಿ ವಿವರವಾಗಿ ಬಿಡಿಸಿಟ್ಟರು, ಹಾಗೆ ಮಾಡುವಾಗ ಈ ಧರ್ಮದ ಬಗ್ಗೆ ಗೌರವವನ್ನೂ ಉಳಿಸಿಕೊಂಡರು.

ಪರಂಪರೆಯ ಪ್ರಾಚೀನತೆಯೇ ಜನರನ್ನು ಸೆಳೆದಿದ್ದರೆ, ಅದು ಐತಿಹಾಸಿಕವಲ್ಲ ಎಂದು ತಿಳಿದ ಮೇಲೆ ಅವರು ಹಿಂದೆ ಸರಿಯಬೇಕಿತ್ತು. ಕೆಲವರು ಹಟ್ಟನ್ ಅವರ ಮೇಲೆ ಸಿಟ್ಟಾದದ್ದು ನಿಜ. ಆದರೆ ಅನೇಕರು ಅವರ ತೀರ್ಮಾನಗಳನ್ನು ಒಪ್ಪಿಕೊಂಡೇ ತಮ್ಮ ಆಚರಣೆಯನ್ನು ಮುಂದುವರಿಸಿದರು. ಆಚರಣೆಯಿಂದ ನಂಬಿಕೆಗೆ ಬಂದವರಿಗೆ ಇತಿಹಾಸದ ಪ್ರಮಾಣಪತ್ರ ಅಷ್ಟೊಂದು ಮುಖ್ಯವಾಗುವುದಿಲ್ಲ.

ಯಾರು ಬರುತ್ತಾರೆ, ಯಾಕೆ

ಚರ್ಚುಗಳು ಖಾಲಿಯಾದವು, ಆ ಜಾಗಕ್ಕೆ ಪೇಗನಿಸಂ ಬಂತು ಎಂಬ ವಿವರಣೆ ಅರ್ಧ ಮಾತ್ರ ಸರಿ. ಧರ್ಮವಿಲ್ಲ ಎಂದವರು 2021ರಲ್ಲಿ ಎರಡು ಕೋಟಿಗೂ ಹೆಚ್ಚು. ಪೇಗನ್ ಎಂದವರು 74,000. ಚರ್ಚನ್ನು ಬಿಟ್ಟವರಲ್ಲಿ ಬಹುಪಾಲು ಜನ ಬೇರೆಲ್ಲಿಗೂ ಹೋಗಲಿಲ್ಲ. ಚರ್ಚಿನ ಹಿಡಿತ ಸಡಿಲವಾದದ್ದರಿಂದ ಸಾಮಾಜಿಕ ತಡೆ ಕಡಿಮೆಯಾಯಿತು ಎನ್ನಬಹುದು. ಸೆಳೆತ ಎಲ್ಲಿಂದ ಬಂತೆಂದು ತಿಳಿಯಲು ಬೇರೆ ಕಡೆ ನೋಡಬೇಕು.

ಮಹಿಳೆಯರ ವಿಷಯದಲ್ಲಿ ಆ ಸೆಳೆತ ಸ್ಪಷ್ಟವಾಗಿದೆ. ಚರ್ಚ್ ಆಫ್ ಇಂಗ್ಲೆಂಡ್ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟಿದ್ದು 1994ರಲ್ಲಿ; ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ. ವಿಕ್ಕಾದಲ್ಲಿ 1950ರ ದಶಕದಲ್ಲಿಯೇ ಪುರೋಹಿತೆ ವಿಧಿಯ ಕೇಂದ್ರದಲ್ಲಿದ್ದಳು, ದೈವಕ್ಕೂ ಸ್ತ್ರೀರೂಪವಿತ್ತು. 1970ರ ದಶಕದ ಅಮೆರಿಕದಲ್ಲಿ ಸ್ತ್ರೀವಾದಿ ಚಳವಳಿಯ ಒಂದು ಧಾರೆ ಇದನ್ನು ತನ್ನದಾಗಿಸಿಕೊಂಡಾಗ, ದೇವಿಯ ಆರಾಧನೆ ರಾಜಕೀಯ ಅರ್ಥವನ್ನೂ ಪಡೆಯಿತು. ಸಲಿಂಗಪ್ರೇಮಿಗಳಿಗೆ ಇದು ಇನ್ನೂ ಜಟಿಲವಾದ ಕಥೆ: ದೇವ-ದೇವಿಯ ಜೋಡಿಯನ್ನು ಆಧಾರವಾಗಿಟ್ಟುಕೊಂಡ ಆರಂಭದ ವಿಕ್ಕಾ ಅವರನ್ನು ಸುಲಭವಾಗಿ ಒಳಗೊಳ್ಳಲಿಲ್ಲ, ನಂತರದ ಶಾಖೆಗಳು ಬಾಗಿಲು ತೆರೆದವು.

ಪರಿಸರದ ಹೋರಾಟ ಇನ್ನೊಂದು ದಾರಿ. 1992ರಲ್ಲಿ ಇಂಗ್ಲೆಂಡಿನ ಟ್ವೈಫರ್ಡ್ ಡೌನ್ ಗುಡ್ಡವನ್ನು ಕಡಿದು ಹೆದ್ದಾರಿ ಮಾಡುವುದರ ವಿರುದ್ಧವೂ 1996ರಲ್ಲಿ ನ್ಯೂಬರಿ ಬೈಪಾಸ್‌ಗಾಗಿ ಮರ ಕಡಿಯುವುದರ ವಿರುದ್ಧವೂ ಪ್ರತಿಭಟಿಸಿದವರಲ್ಲಿ ಪೇಗನ್ನರಿದ್ದರು. ಭೂಮಿ ಪವಿತ್ರವೆಂಬ ಮಾತು ಅಲ್ಲಿ ಮರದ ಮೇಲೆ ಗುಡಿಸಲು ಕಟ್ಟಿ ಕೂರುವ ಕೆಲಸದೊಂದಿಗೆ ಬೆಸೆದುಕೊಂಡಿತ್ತು.

ಹಾಗೆಂದು ಇದು ಎಲ್ಲರೂ ಬರುವ ದಾರಿಯಲ್ಲ. ಬ್ರಿಟನ್, ಅಮೆರಿಕಗಳೆರಡರಲ್ಲೂ ಪೇಗನ್ನರಲ್ಲಿ ಬಿಳಿಯರ ಪ್ರಮಾಣ ಬಹಳ ಹೆಚ್ಚು. ಉತ್ತರ ಯುರೋಪಿನ ದೇವತೆಗಳನ್ನು ಪೂಜಿಸುವ ಕೆಲವು ಗುಂಪುಗಳು ವಂಶದ ಆಧಾರದ ಮೇಲೆ ಜನರನ್ನು ಹೊರಗಿಡುತ್ತವೆ. ಅದೇ ದೇವತೆಗಳನ್ನು ಪೂಜಿಸುವ ಇತರ ಗುಂಪುಗಳು ಅದನ್ನು ಜನಾಂಗೀಯವಾದವೆಂದು ಬಹಿರಂಗವಾಗಿ ಖಂಡಿಸಿವೆ. ಈ ಬಿರುಕು ಸಣ್ಣದಲ್ಲ, ಅದನ್ನು ಮುಚ್ಚಿಟ್ಟು ಪೇಗನಿಸಂ ಎಂದರೆ ಬರೀ ಪ್ರಕೃತಿಪ್ರೇಮ ಎನ್ನುವುದು ಸರಿಯಲ್ಲ.

ವಿರೋಧದ ದನಿಗಳು

ಇವಾಂಜೆಲಿಕಲ್ ಕ್ರೈಸ್ತರಲ್ಲಿ ಹಲವರಿಗೆ ಇದು ಆಧ್ಯಾತ್ಮಿಕ ಅಪಾಯ. ಬೈಬಲ್ ನಿಷೇಧಿಸಿದ್ದನ್ನು ಆಟವೆಂದು ಭಾವಿಸುವವರು ಕೆಟ್ಟ ಶಕ್ತಿಗಳಿಗೆ ಬಾಗಿಲು ತೆರೆಯುತ್ತಾರೆ ಎಂಬುದು ಅವರ ನಿಲುವು. ಅದು ಅವರ ಶ್ರದ್ಧೆಯೊಳಗಿನ ವಾದ. ಆದರೆ ಇಂಥ ಭಯ ಅಧಿಕಾರದ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿಯೇ ಉದಾಹರಣೆಯಿದೆ. 1990ರ ಸುಮಾರಿಗೆ ಸೈತಾನ ಪೂಜೆಯಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂಬ ಶಂಕೆಯ ಮೇಲೆ ಸಮಾಜ ಕಾರ್ಯಕರ್ತರು ರೋಚ್‌ಡೇಲ್‌ನಲ್ಲಿಯೂ ಆರ್ಕ್ನಿ ದ್ವೀಪಗಳಲ್ಲಿಯೂ ಮಕ್ಕಳನ್ನು ಮನೆಗಳಿಂದ ಒಯ್ದರು. ಸರ್ಕಾರಕ್ಕಾಗಿ ತನಿಖೆ ನಡೆಸಿದ ಮಾನವಶಾಸ್ತ್ರಜ್ಞೆ ಜೀನ್ ಲಾ ಫಾಂಟೇನ್ 1994ರ ವರದಿಯಲ್ಲಿ ಸೈತಾನ ಪೂಜೆಯ ಆರೋಪಗಳಿಗೆ ಪುರಾವೆಯಿಲ್ಲ ಎಂದರು. ಅಂಥ ಕಾಲದಲ್ಲಿ ಪೇಗನ್ ತಂದೆತಾಯಿಯರು ತಮ್ಮ ನಂಬಿಕೆಯನ್ನು ಶಾಲೆಯಿಂದಲೂ ನೆರೆಹೊರೆಯಿಂದಲೂ ಮರೆಮಾಚಲು ಬೇರೆ ಕಾರಣ ಬೇಕಿರಲಿಲ್ಲ. ಹಿಂದಿನ ಗಣತಿಗಳ ಅಂಕಿಗಳನ್ನು ಇಂದಿನವುಗಳೊಂದಿಗೆ ಹೋಲಿಸುವಾಗ ಇದನ್ನು ನೆನಪಿಡಬೇಕು. ಏರಿಕೆಯ ಒಂದು ಭಾಗ ಹೊಸಬರಿಂದ ಬಂದಿರಬಹುದು, ಇನ್ನೊಂದು ಭಾಗ ಹಳಬರು ಧೈರ್ಯವಾಗಿ ಹೆಸರು ಬರೆದದ್ದರಿಂದ.

ಸೆಕ್ಯುಲರ್ ವಿಮರ್ಶಕರ ಆಕ್ಷೇಪ ಬೇರೆ. ಹರಳು, ಮೋಂಬತ್ತಿ, ಕಾರ್ಡುಗಳ ವ್ಯಾಪಾರವೇ ಈ ಧರ್ಮವಾಗುತ್ತಿದೆ ಎನ್ನುತ್ತಾರೆ ಅವರು. ಕುತೂಹಲವೆಂದರೆ, ದೀಕ್ಷೆ ಪಡೆದ ಹಳೆಯ ಪರಂಪರೆಯ ವಿಕ್ಕನ್ನರಲ್ಲಿಯೂ ಇದೇ ದೂರು ಕೇಳಿಬರುತ್ತದೆ. ಗಣತಿಯೂ ಇದಕ್ಕೆ ಹೊಂದುವ ಸುಳಿವು ಕೊಡುತ್ತದೆ: ನಿರ್ದಿಷ್ಟ ಆಚರಣೆಯುಳ್ಳ ವಿಕ್ಕಾ ಹತ್ತು ವರ್ಷಗಳಲ್ಲಿ ಸುಮಾರು 12,000ದಿಂದ 13,000ಕ್ಕೆ ಮಾತ್ರ ಹೆಚ್ಚಿದರೆ, ಅಷ್ಟಾಗಿ ಗೆರೆ ಎಳೆಯದ ಪೇಗನಿಸಂ ಶೇ 30ರಷ್ಟು ಬೆಳೆದಿದೆ.

ನಮ್ಮಲ್ಲಿನ ಸಂದರ್ಭ ಬೇರೆ

ಭಾರತದಲ್ಲಿ ಹೆಂಗಸೊಬ್ಬಳನ್ನು ಮಾಟಗಾತಿ ಎನ್ನುವುದರ ಹಿಂದೆ ಆಕೆಯ ಆಯ್ಕೆಯಿಲ್ಲ. ನೆರೆಯವರು ಆ ಹೆಸರನ್ನು ಅವಳ ಮೇಲೆ ಹೊರಿಸುತ್ತಾರೆ, ಎಷ್ಟೋ ಬಾರಿ ವಿಧವೆಯ ಜಮೀನಿನ ಮೇಲಿನ ಕಣ್ಣಿನಿಂದ, ಅಥವಾ ಊರಿನಲ್ಲಿ ಬಂದ ಕಾಯಿಲೆಗೆ ಕಾರಣ ಹುಡುಕುವ ಆತುರದಿಂದ. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಇದರ ವಿರುದ್ಧ ಕಾಯ್ದೆ ತಂದವು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯ್ದೆಯಿದೆ. ಸ್ಕಾಟ್ಲೆಂಡಿನಲ್ಲಿ 1563ರ ಮಾಟವಿರೋಧಿ ಕಾಯ್ದೆಯಡಿ ಶಿಕ್ಷೆಗೊಳಗಾದವರ ಕ್ಷಮೆಯನ್ನು ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ 2022ರ ಮಹಿಳಾ ದಿನದಂದು ಕೇಳಿದ್ದು ಇಂಥವೇ ಆರೋಪಗಳಿಗೆ ಬಲಿಯಾದವರ ಬಗ್ಗೆ. ಬ್ರಿಟನ್ನಿನ ಗಣತಿಯ ಸುದ್ದಿಯನ್ನು ಈ ಹಿಂಸೆಯ ಜೊತೆ ಒಂದೇ ಶೀರ್ಷಿಕೆಯಲ್ಲಿ ಕಟ್ಟಿಕೊಟ್ಟರೆ ಎರಡೂ ಕಡೆಯವರಿಗೆ ಕೇಡು: ಅಲ್ಲಿನವರ ಧರ್ಮ ಅಪರಾಧದಂತೆ ಕಾಣುತ್ತದೆ, ಇಲ್ಲಿ ಹಲ್ಲೆಗೊಳಗಾದವಳು ನಿಜಕ್ಕೂ ಮಾಟ ಮಾಡುತ್ತಿದ್ದಳೇನೋ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಮುಂದೇನು

ಕಾನೂನಿನ ಮಾನ್ಯತೆ ಹಂತಹಂತವಾಗಿ ಸಿಕ್ಕಿದೆ. 1986ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಕೈದಿಯೊಬ್ಬನ ಪ್ರಕರಣದಲ್ಲಿ, ವಿಕ್ಕಾ ಒಂದು ಧರ್ಮವೇ ಎಂದಿತು. 2007ರಲ್ಲಿ ಅಲ್ಲಿನ ಸರ್ಕಾರ ಸೈನಿಕರ ಸಮಾಧಿಕಲ್ಲುಗಳ ಮೇಲೆ ವಿಕ್ಕನ್ನರ ಪಂಚಕೋನ ನಕ್ಷತ್ರವನ್ನು ಕೆತ್ತಲು ಒಪ್ಪಿತು. 2010ರಲ್ಲಿ ಇಂಗ್ಲೆಂಡಿನಲ್ಲಿ ಡ್ರೂಯಿಡ್ ನೆಟ್‌ವರ್ಕ್ ಧಾರ್ಮಿಕ ದತ್ತಿ ಸಂಸ್ಥೆಯಾಗಿ ನೋಂದಣಿಯಾಯಿತು. ಹೀಗೆ ಮಾನ್ಯತೆ ಕೇಳಲು ಸಂಘಟನೆ ಬೇಕು, ಸದಸ್ಯರ ಪಟ್ಟಿ ಬೇಕು, ಇಂಥದ್ದು ನಮ್ಮ ನಂಬಿಕೆ ಎಂದು ಬರೆದು ಕೊಡಬೇಕು. ಒಂಟಿಯಾಗಿ ಓದಿ, ಒಂಟಿಯಾಗಿ ಆಚರಿಸಿ ಬಂದ ಬಹುಸಂಖ್ಯಾತರಿಗೆ ಈ ಮೂರೂ ಒಗ್ಗುವುದಿಲ್ಲ. ಅವರ ಸಂಖ್ಯೆ ಬೆಳೆದಷ್ಟೂ ಅವರ ಪರವಾಗಿ ಮಾತನಾಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಬಿಗಡಾಯಿಸುತ್ತದೆ.

ಬಾಗಿಲು ಕಾಯುವವರಿಲ್ಲದಿರುವುದರಿಂದ ಇನ್ನೊಂದು ತೊಂದರೆಯೂ ಇದೆ. ತಾನೇ ಗುರುವೆಂದು ಘೋಷಿಸಿಕೊಂಡು ಹಣ ಕೀಳುವವರನ್ನು, ಹೊಸಬರನ್ನು ದುರ್ಬಳಕೆ ಮಾಡಿಕೊಳ್ಳುವವರನ್ನು ತಡೆಯುವ ಅಥವಾ ಹೊರಹಾಕುವ ಕೇಂದ್ರ ಎಲ್ಲಿಯೂ ಇಲ್ಲ. ಸಣ್ಣ ಕವೆನ್‌ನಲ್ಲಿ ಒಬ್ಬರ ನಡತೆ ಇತರರಿಗೆ ಗೊತ್ತಿರುತ್ತಿತ್ತು. ಲಕ್ಷಾಂತರ ಜನ ನೋಡುವ ವಿಡಿಯೋದ ಹಿಂದಿರುವವರ ನಡತೆ ಯಾರಿಗೂ ಗೊತ್ತಿರುವುದಿಲ್ಲ.

ದೀರ್ಘಕಾಲದಲ್ಲಿ ಹೆಚ್ಚು ನಿರ್ಣಾಯಕವಾಗಬಹುದಾದದ್ದು ಮಕ್ಕಳ ವಿಷಯ. ಹೆಚ್ಚಿನ ಧರ್ಮಗಳು ಉಳಿದಿರುವುದು ತಂದೆತಾಯಿಯರು ಮಕ್ಕಳಿಗೆ ದಾಟಿಸುವುದರಿಂದ. ಪೇಗನ್ ತಂದೆತಾಯಿಯರಲ್ಲಿ ಅನೇಕರು ಹಬ್ಬಗಳನ್ನು ಮಕ್ಕಳೊಂದಿಗೆ ಆಚರಿಸಿದರೂ, ಅವರನ್ನು ತಮ್ಮ ಧರ್ಮಕ್ಕೆ ಸೇರಿಸಲು ಒಪ್ಪುವುದಿಲ್ಲ. ತಾವು ಹುಡುಕಿ ಬಂದಂತೆ ಮಕ್ಕಳೂ ತಾವಾಗಿ ಹುಡುಕಿಕೊಳ್ಳಲಿ ಎಂಬುದು ಅವರ ನಿಲುವು. ದೀಕ್ಷೆ ಕೊಡುವ ಹೆಚ್ಚಿನ ಗುಂಪುಗಳು ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವುದೂ ಇಲ್ಲ. ಈ ನಿಲುವು ಗೌರವಕ್ಕೆ ಅರ್ಹವಾದದ್ದು, ಆದರೆ ಅದಕ್ಕೆ ಬೆಲೆಯಿದೆ. ಪ್ರತಿ ತಲೆಮಾರಿನಲ್ಲೂ ಈ ಧರ್ಮ ಹೊರಗಿನಿಂದ ಬರುವವರನ್ನೇ ನೆಚ್ಚಬೇಕು, ಅವರನ್ನು ಕರೆಯಲು ಪ್ರಚಾರಕರನ್ನು ಕಳಿಸುವಂತೆಯೂ ಇಲ್ಲ. ಈಗ ವಯಸ್ಸಾಗುತ್ತಿರುವ 1970 ಮತ್ತು 80ರ ದಶಕಗಳ ಸಾಧಕರ ಜಾಗಕ್ಕೆ ಎಷ್ಟು ಜನ ಬರುತ್ತಾರೆ, ಬಂದವರಲ್ಲಿ ಎಷ್ಟು ಜನ ಹತ್ತು ವರ್ಷ ನಿಲ್ಲುತ್ತಾರೆ ಎಂಬುದನ್ನು ತಿಳಿಯಲು ಮುಂದಿನ ಗಣತಿಯ ಒಟ್ಟು ಸಂಖ್ಯೆಗಿಂತ ಅದರಲ್ಲಿನ ವಯಸ್ಸಿನ ಕೋಷ್ಟಕಗಳನ್ನು ನೋಡಬೇಕಾಗುತ್ತದೆ.